ಒಲೆಯ ಇನ್ನರ್ಧ

ಕೊರ್ಲಹಳ್ಳಿ
21 ಮೇ 1984, ಸೋಮವಾರ

ನನ್ನ ಮುದ್ದು ನಜಮಾಳಿಗೆ, ನಿನ್ನ ಅಮ್ಮನ ದುವಾ ಮತ್ತು ಸ್ವಲ್ಪ ಬೈಗುಳ.

ದುವಾ ಮೊದಲು ತಗೊ. ಬೈಗುಳ ಹಿಂದಿನಿಂದ ಬರುತ್ತದೆ.

ನಿನ್ನ ಪತ್ರ ಶುಕ್ರವಾರ ಮುಟ್ಟಿತು. ಪಕ್ಕದ ಮನೆ ಮಂಜವ್ವನ ವಿಳಾಸಕ್ಕೆ ಏಕೆ ಬರೆದೆ ಎಂದು ನನಗೆ ಗೊತ್ತು, ಆಕೆಗೂ ಗೊತ್ತು. ಮಗಳ ಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಅಡುಗೆಮನೆಯ ಮೂಲೆಯಲ್ಲಿ ಕೂತು ಓದುವ ವಯಸ್ಸೇನೇ ನನ್ನದು? ಹೊಸದಾಗಿ ಮದುವೆಯಾದವಳಂತೆ ನಾಚಿಕೆಯಾಯಿತು. ಓದಿ ಮುಗಿಸಿದ ಮೇಲೆ ನಾಚಿಕೆ ಹೋಗಿ ಸಿಟ್ಟು ಬಂತು.

ನಮ್ಮೂರಿನ ಮೇಲಿನ ಸಂಶೋಧನೆಯನ್ನೇ ಬಿಡುತ್ತೀಯಂತೆ. ಲಕ್ಷ್ಮೇಶ್ವರದ ಗುಡಿಗಳ ಮೇಲೆ ಬರೆಯುತ್ತೀಯಂತೆ. ತಿಂಗಳ ಕೊನೆಗೆ ನಿಮ್ಮ ಸರ್ ಅವರಿಗೆ ಹಾಗೆಂದು ಹೇಳಿಬಿಡುತ್ತೀಯಂತೆ. ಆ ಗುಡಿಗಳು ಎಲ್ಲಿಗೆ ಓಡಿಹೋಗುತ್ತವೆ ನಜಮಾ? ಅವನ್ನು ನೋಡುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಹಾಳೂರ ದಿಬ್ಬವನ್ನು ನೋಡಲು ನಿನ್ನ ಹೊರತು ಯಾರು ಬರುತ್ತಾರೆ?

ಎಂ.ಎ. ಸೇರಿದ ವರ್ಷ ರಜೆಗೆ ಬಂದಾಗ ನೀನೇ ನನ್ನನ್ನು ಆ ದಿಬ್ಬದ ಮೇಲೆ ನಿಲ್ಲಿಸಿದ್ದೆ. ಅಗೆಯದೆಯೇ ನೆಲವನ್ನು ಓದಬಹುದು ಎಂದಿದ್ದೆ. ಹಳೆಯ ಊರಿನ ದಾರಿ ಹೀಗೆ ಹೊಳೆಗೆ ಇಳಿಯುತ್ತಿತ್ತು, ಬಾವಿ ಅಲ್ಲಿತ್ತು, ಹೊಲ ಇಲ್ಲಿಂದ ಶುರುವಾಗುತ್ತಿತ್ತು ಎಂದು ನೀನು ಕೈಮಾಡಿ ತೋರಿಸುತ್ತಿದ್ದರೆ, ಆ ಊರಿನ ಹೆಂಗಸರು ಕೊಡ ಹೊತ್ತು ಎದುರಿಗೆ ಬಂದಂತೆ ಆಗಿತ್ತು ನನಗೆ. ನಾನು ಓದಿದ್ದು ಮುಲ್ಕಿ ಪರೀಕ್ಷೆ, ಏಳನೇ ಇಯತ್ತೆವರೆಗೆ. ಆದರೂ ಇಷ್ಟು ತಿಳಿಯುತ್ತದೆ: ನೀನು ಈ ಕೆಲಸ ಬಿಡುತ್ತಿರುವುದು ಓದಿನ ಸಲುವಾಗಿ ಅಲ್ಲ, ಅಬ್ಬಾನ ಮುಖ ನೋಡಬಾರದು ಎಂದು.

ಸಂಕ್ರಮಣದ ರಜೆಯಲ್ಲಿ ನಡೆದದ್ದನ್ನು ನಾನೂ ಮರೆತಿಲ್ಲ. ಬೆಳಗಿನಿಂದ ನಿನ್ನ ಟೇಪಿನ ಇನ್ನೊಂದು ತುದಿ ಹಿಡಿದು ದಿಬ್ಬದ ತುಂಬ ಓಡಾಡಿದವರು ಅವರೇ. ದಾರಿಯಲ್ಲಿ ಹೋಗುವವರನ್ನು ಕರೆ ಕರೆದು ಮಗಳ ವಿದ್ಯೆಯ ಬಗ್ಗೆ ಹೇಳಿದರು, ತಮಗೇ ಪೂರ್ತಿ ತಿಳಿಯದಿದ್ದರೂ. ಆಮೇಲೆ ನೀನು ದಿಬ್ಬದಲ್ಲಿ ಮಣ್ಣು ಕಡಿದ ಆ ತಗ್ಗಿಗೆ ಇಳಿದೆ. ತಗ್ಗಿನ ಅಂಚಿನಲ್ಲಿ ಒಂದು ಹಳೇ ಒಲೆ, ಅರ್ಧ ಕಡಿದುಹೋದದ್ದು, ಬೂದಿ ಇನ್ನೂ ಅದರಲ್ಲೇ ಇತ್ತು. ಇದನ್ನು ಕಡಿದವರು ಯಾರು ಎಂದು ಕೂಗಿದೆ. ಕಡಿದವರು ಟೇಪು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ಬೇಸಿಗೆಯಲ್ಲಿ ದಿಬ್ಬದ ಹಾಳಮಣ್ಣು ತಂದು ಮಾಳಿಗೆಯ ಸೂರಿನ ಮೇಲೆ ಹೊದಿಸದಿದ್ದರೆ ಮಿರಗದ ಮೊದಲ ಮಳೆಗೆ ಮನೆಯೊಳಗೇ ಹೊಳೆ ಹರಿಯುತ್ತದೆ ಎಂದು ನಿನಗೆ ನಾನು ಹೇಳಬೇಕಿಲ್ಲ. ದಿಬ್ಬ ಕಡಿದು ಅರ್ಧ ಊರಿನ ಮಾಳಿಗೆಗಳಿಗೆ ಆ ಮಣ್ಣು ಒಯ್ದದ್ದು ನಮ್ಮ ಬಂಡಿಯೇ. ಒಲೆಯ ಅರ್ಧ ಇಲ್ಲಿದೆ, ಇನ್ನರ್ಧ ನಮ್ಮ ಮಾಳಿಗೆಯ ಮೇಲಿದೆ, ಎಲ್ಲಿತ್ತು ಎನ್ನುವ ಗುರುತೇ ಹೋದ ಮೇಲೆ ಅದು ಬರೀ ಮಣ್ಣು ಎಂದು ನೀನು ಅತ್ತೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಒಂದು ಊರನ್ನೇ ಮಾರಿಕೊಂಡು ತಿಂದಿರಿ ಎಂದೂ ಅಂದೆ. ಅದಕ್ಕೆ ಅವರು, "ಮನಿ ಸೋರಿದ್ರ ನಿನ್ನ ನಕಾಶಿ ಹೊಚಗೊಂಡು ಮಲಗೂಣೇನು?" ಎಂದರು. ನೀನು ಉಣ್ಣದೆ ಬಸ್ಸು ಹತ್ತಿದೆ. ಕಟ್ಟಿಕೊಟ್ಟ ರೊಟ್ಟಿಯನ್ನೂ ಕಟ್ಟೆಯ ಮೇಲೆಯೇ ಬಿಟ್ಟುಹೋದೆ. ಆ ರೊಟ್ಟಿಯನ್ನು ಅವರೇ ತಿಂದರು, ಪಲ್ಯ ಬಡಿಸಲು ಹೋದರೆ ಬೇಡ ಎಂದರು.

ನಿನ್ನನ್ನು ಧಾರವಾಡಕ್ಕೆ ಕಳಿಸಬೇಡಿ, ಮದುವೆ ಮಾಡಿ ಎಂದು ಮುಂಡರಗಿಯ ನಿನ್ನ ಮಾಮಾ ಬಂದು ಕೂತಾಗ ಇವರು ಏನಂದಿದ್ದರು, ನೆನಪಿದೆಯೇ? ಬಂಡಿ ಹೊಡೆಯುವವನ ಮಗಳು ನಾಲ್ಕಕ್ಷರ ಹೆಚ್ಚು ಕಲಿತರೆ ನಿಮ್ಮ ಗಂಟೇನು ಹೋಗುತ್ತದೆ ಎಂದಿದ್ದರು. ಮಾಮಾ ಚಹಾ ಸಹ ಕುಡಿಯದೆ ಎದ್ದುಹೋಗಿದ್ದ.

ಇರಲಿ. ಅವರ ಬಗ್ಗೆ ನಿನಗೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಬರೆಯುವುದಿಲ್ಲ. ಎತ್ತುಗಳ ಬಗ್ಗೆ ಬರೆಯಬಾರದು ಎಂದು ಅವರೇನೂ ಹೇಳಿಲ್ಲ.

ನಮ್ಮ ಕೆಂದೆತ್ತು ಕುಂಟುತ್ತಿದೆಯಂತೆ. ಈ ಬೇಸಿಗೆಯಲ್ಲಿ ಹಾಳಮಣ್ಣು ಕೇಳಿಕೊಂಡು ಬಂದವರಿಗೆಲ್ಲ ಇದೇ ಉತ್ತರ. ಅದೇ ಕುಂಟು ಎತ್ತು ಹಳ್ಳದ ಆಚೆಯ ಉಪ್ಪುಗಟ್ಟಿದ ಸವಳು ನೆಲದಿಂದ, ಅಷ್ಟು ದೂರದಿಂದ, ಮಂಜವ್ವನ ಮಾಳಿಗೆಗೆ ಮಣ್ಣು ಎಳೆದು ತಂದಿತು. "ಕುತುಬಣ್ಣಾ, ಹಾಳೂರು ಇಲ್ಲೇ ಐತಲ್ಲ, ಅಲ್ಲಿಮಟಾ ಯಾಕ ಹೋದಿ?" ಎಂದು ಆಕೆ ಕೇಳಿದ್ದಕ್ಕೆ ಸವಳು ಮಣ್ಣೇ ಗಟ್ಟಿ ಎಂದರಂತೆ. ಮಧ್ಯಾಹ್ನವಾದರೆ ಎತ್ತು ಮೇಯಿಸಲು ದಿಬ್ಬಕ್ಕೇ ಹೋಗಬೇಕು. ಮೇ ತಿಂಗಳಲ್ಲಿ ಆ ದಿಬ್ಬದ ಮೇಲೆ ಎತ್ತು ಮೇಯಲು ಏನಿದೆ ಹೇಳು? ಆದರೆ ಅಲ್ಲಿ ಅವರು ಕೂತಿದ್ದರೆ ಬೇರೆ ಬಂಡಿಯವರು ಸಲಿಕೆ ಇಳಿಸಲು ಸಂಕೋಚಪಟ್ಟುಕೊಂಡು, ಎರಡು ಮಾತಾಡಿ ಮುಂದೆ ಹೋಗುತ್ತಾರೆ. ಹೇಮಪ್ಪನ ಬಂಡಿ ಹಾಗೆ ಬರಿದೇ ತಿರುಗಿ ಹೋದದ್ದನ್ನು ನಾನೇ ನೋಡಿದೆ. ನೆತ್ತಿ ಸುಡುವ ಬಿಸಿಲಿನಲ್ಲಿ ಟಾವೆಲ್ ಸುತ್ತಿಕೊಂಡು ಕೂತಿರುತ್ತಾರೆ, ಎತ್ತುಗಳು.

ನಮ್ಮ ಮಾಳಿಗೆಯ ಚಿಂತೆ ನಿನಗೆ ಬೇಡ. ಅದು ಚೆನ್ನಾಗಿದೆ. ನನ್ನ ಮೊಣಕಾಲೂ ಚೆನ್ನಾಗಿದೆ.

ನಿಮ್ಮಿಬ್ಬರದೂ ಒಂದೇ ಸಿಟ್ಟು. ಮೂಗಿನ ಮೇಲೇ ಇರುತ್ತದೆ, ಇಳಿಯುವ ದಾರಿ ಮಾತ್ರ ಗೊತ್ತಿಲ್ಲ. ನಡುವೆ ನಾನೊಬ್ಬಳು ಗೋಡೆಯ ಜೊತೆ ಮಾತನಾಡಿಕೊಂಡು ಇದ್ದೇನೆ. ನಿನ್ನ ನೆನಪು ಬಹಳ ಆಗುತ್ತಿದೆ ನಜಮಾ. ಸಂಜೆ ಮುಂಡರಗಿಯ ಬಸ್ಸಿನ ಸದ್ದು ಕೇಳಿದರೆ ಇಬ್ಬರೂ ಏನೂ ಕೆಲಸವಿಲ್ಲದೆ ಹೊರಗೆ ಬಂದು ನಿಲ್ಲುತ್ತೇವೆ. ಯಾಕೆ ಬಂದೆವು ಎಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ. ನಿಮ್ಮ ಸರ್ ಅವರಿಗೆ ಏನೇ ಹೇಳುವುದಿದ್ದರೂ ಅದಕ್ಕೂ ಮೊದಲು ಒಮ್ಮೆ ಊರಿಗೆ ಬಂದು ಹೋಗು. ಇನ್ನೇನು ರೋಜಾ ಶುರುವಾಗುತ್ತದೆ, ಅದರ ಬೆನ್ನಿಗೇ ಮಿರಗ. ಬಂದರೆ ಈ ಸಲ ಉಂಡು ಹೋಗು.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಹಾಜಿರಾಬಿ

ತಾ.ಕ.: ಮಾಳಿಗೆ ಚೆನ್ನಾಗಿದೆ ಎಂದು ಮೇಲೆ ಬರೆದದ್ದು ಸುಳ್ಳು. ಮಾಳಿಗೆಯೇ ಇಲ್ಲ. ನಿನ್ನೆ ಅವರು ಮೇಲೆ ಹತ್ತಿ ಹಾಳಮಣ್ಣನ್ನೆಲ್ಲ ಕೆರೆದು ಇಳಿಸಿ, ಬಂಡಿಗೆ ತುಂಬಿ, ಆ ತಗ್ಗಿಗೇ ಒಯ್ದು ಸುರಿದು ಬಂದಿದ್ದಾರೆ. ಜಂತಿಯ ಸಂದಿಯಿಂದ ಬಿಸಿಲು ನೇರ ನನ್ನ ಒಲೆಯ ಮೇಲೆ ಬೀಳುತ್ತಿದೆ. ಈಗ ಪತ್ರ ಮಡಚುತ್ತಿದ್ದರೆ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದರು: "ಒಲೀದು ಇನ್ನರ್ಧ ಎಲ್ಲಿತ್ತೋ ಅಲ್ಲೇ ಇಟ್ಟು ಬಂದೀನಿ ಅಂತ ಬರಿ. ಸರಿ ಆಗೇತೋ ಇಲ್ಲೋ ಆಕಿನ ಬಂದು ನೋಡಲಿ." ಹೀಗೆ ತಿರುಗಿ ಇಟ್ಟರೆ ನಿನ್ನ ಶಾಸ್ತ್ರದಲ್ಲಿ ನಡೆಯುತ್ತದೆಯೋ ಇಲ್ಲವೋ ನಾನರಿಯೆ. ನಡೆಯುವುದಿಲ್ಲವಾದರೆ ನನ್ನ ಕಿವಿಯಲ್ಲಿ ಹೇಳು. ಅವರಿಗೆ ಹೇಳಬೇಡ.