ಕೊಬ್ಬರಿ ಎಣ್ಣೆ ಹಚ್ಚಿದ ಪ್ಲೇಟುಗಳು

ಪೂಜ್ಯ ಮಾವನವರಿಗೆ,

ನೀವಿದ್ದಾಗ ನಾನು ನಿಮಗೆ ಒಂದು ಸಾಲನ್ನೂ ಬರೆದವನಲ್ಲ. ತುಮಕೂರಿನಿಂದ ತಿಪಟೂರಿಗೆ ಫೋನು ಮಾಡಿದರೆ, ‘ಆರೋಗ್ಯವೇ?’, ‘ಹ್ಞೂಂ, ಆ ಕಡೆ ಮಳೆ ಹೆಂಗೈತೆ?’ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ಈಗ ನಿಮಗೆ ತಿಳಿಸಲೇಬೇಕಾದ ಸಂಗತಿಯೊಂದಿದೆ.

ಕಳೆದ ತಿಂಗಳು ಕೊಬ್ಬರಿ ಇಳಿಸಲು ಅಟ್ಟ ಹತ್ತಿದ್ದೆ. ವರ್ಷವಿಡೀ ಕತ್ತಲೆಯಲ್ಲಿ ಒಣಗಿದ ಕಾಯಿಗಳ ರಾಶಿಯ ಹಿಂದೆ ನಿಮ್ಮ ಮರದ ಪೆಟ್ಟಿಗೆ, ಅದರ ಪಕ್ಕದಲ್ಲಿ ಗೋಣಿ ಹೊದ್ದ ರೆಕಾರ್ಡ್ ಪ್ಲೇಯರ್. “ಆ ಪೆಟ್ಗೆ ಮುಟ್ಬೇಡಿ ಕಣ್ರಪ್ಪ,” ಎಂದು ಅತ್ತೆಯವರು ಕೆಳಗಿನಿಂದ ಹೇಳಿದರು. “ಗುಜರಿಯವ್ನಿಗೆ ಹಾಕ್ಬುಡಿ. ನಾನೇ ಹಾಳ್ಮಾಡಿದ್ದು.” ಅವರ ಎಡಗಿವಿ ಕೇಳುವುದು ನಿಂತಿದೆ, ಮಾವ. ಬಲಗಿವಿಯೂ ಹೆಚ್ಚು ಕಾಲ ಉಳಿಯದೆಂದು ವೈದ್ಯರು ಹೇಳಿದ್ದಾರೆ. ಅದೂ ಮುಚ್ಚಿಹೋಗುವ ಮೊದಲು ನಿಮ್ಮ ಪೆಟ್ಟಿಗೆಯ ಒಂದು ಹಾಡನ್ನು ಅವರಿಗೆ ಒಮ್ಮೆಯಾದರೂ ಕೇಳಿಸದಿದ್ದರೆ, ಒಳಗೆ ಉಳಿಯುವುದು ‘ನಾನೇ ಹಾಳ್ಮಾಡಿದ್ದು’ ಎಂಬ ಮಾತೊಂದೇ ಅಲ್ಲವೇ?

ಮದುವೆಯಾದ ಹೊಸತರಲ್ಲಿ ನೀವು ಆ ಪೆಟ್ಟಿಗೆ ತೆರೆದು ತೋರಿಸಿದ ಸಂಜೆ ನೆನಪಾಗುತ್ತದೆ. ಕೊಬ್ಬರಿ ವ್ಯಾಪಾರಕ್ಕೆ ದೆಹಲಿಗೆ ಹೋದಾಗಲೆಲ್ಲ ಹಳೆಯ ಸಾಮಾನಿನ ಸಂತೆಯಿಂದ ಆರಿಸಿ ತಂದ ರೆಕಾರ್ಡುಗಳು. ಹಂಗೆರಿಯ ಪಿಟೀಲು, ಇಥಿಯೋಪಿಯಾದ ತುತ್ತೂರಿ, ಯಾವ ಲಿಪಿಯೆಂದೇ ತಿಳಿಯದ ಇನ್ನೆಷ್ಟೋ. ದೋಣಿಯ ಅಂಚಿನಲ್ಲಿ ಕುಳಿತ ಹೆಂಗಸಿನ ಚಿತ್ರವಿದ್ದುದನ್ನು ನೀವು ಮೊದಲು ಹಾಕಿದಿರಿ. “ನಂಗೆ ಒಂದಕ್ಷರ ತಿಳಿಯಲ್ಲ ಅಳಿಯಂದ್ರೆ, ಅದಕ್ಕೇ ಇಷ್ಟ,” ಎಂದಿರಿ. “ಕೊಬ್ಬರಿ ಮಂಡೀಲಿ ಬೆಳಗಿಂದ ತಿಳಿಯೋ ಮಾತೇ ಕೇಳಿ ಸಾಕಾಗಿರ್ತದೆ.” ಹಿತ್ತಲಿನ ತೆಂಗಿನ ಗರಿಗಳ ಸದ್ದು ಆ ದನಿಯೊಳಗೆ ಬೆರೆಯಿತು. ಸಮುದ್ರವೇ ಇಲ್ಲದ ಊರಿನಲ್ಲಿ ಕುಳಿತು ನಾವಿಬ್ಬರೂ ಅಂದು ಕೇಳಿದ್ದು...

ಮೊದಲ ದೀಪಾವಳಿಗೆ ನಾವು ಬಂದ ದಿನವನ್ನೂ ಮರೆತಿಲ್ಲ. ಹೊಸ ಅಳಿಯನೆದುರು ಎಲ್ಲವೂ ಹೊಳೆಯಲೆಂದು ಅತ್ತೆಯವರು ಬಾಗಿಲು, ತೊಟ್ಟಿಲು, ದೀಪದ ಕಂಬಗಳ ಜೊತೆಗೆ ನಿಮ್ಮ ಹಾಡಿನ ಪ್ಲೇಟುಗಳಿಗೂ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಟ್ಟಿದ್ದರು. ನೀವು ಮುಳ್ಳು ಇಳಿಸಿದಿರಿ. ಒಗ್ಗರಣೆ ಸಿಡಿದಂತೆ ಸದ್ದು ಬಂತು. “ಯಾಕ್ರೀ, ಏನಾಯ್ತು?” ಎಂದು ಅವರು ಅಡುಗೆಮನೆಯಿಂದ ಕೇಳಿದಾಗ, “ಮಿಷನ್ ಕೆಟ್ಟೈತೆ ಕಣೇ, ಎಲೆ ಹಾಕು,” ಎಂದಿರಿ. ಅಂದೇ ಪೆಟ್ಟಿಗೆ ಅಟ್ಟ ಸೇರಿತು.

ಕಳೆದ ತಿಂಗಳು ಅಟ್ಟದಿಂದ ಇಳಿಸಿ ಯಂತ್ರದ ತಳ ಬಿಚ್ಚಿದಾಗ ಆ ಮಾತೇ ಕಿವಿಯಲ್ಲಿತ್ತು. ಅಳತೆಯ ಉಪಕರಣಗಳನ್ನು ದುರಸ್ತಿ ಮಾಡುವುದೇ ನನ್ನ ಕೆಲಸ. ತಾನಾಗಿ ಕೆಟ್ಟದ್ದಕ್ಕೂ ಕೈಯಿಂದ ಬಿಚ್ಚಿದ್ದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯುತ್ತದೆ. ತಟ್ಟೆಯನ್ನು ತಿರುಗಿಸುವ ರಬ್ಬರ್ ಬೆಲ್ಟು ಹರಿದಿರಲಿಲ್ಲ. ಯಾರೋ ಅದನ್ನು ಕಳಚಿ, ಸುತ್ತಿ, ಮೂಟೆ ಹೊಲಿಯುವ ದಾರದಿಂದ ಕಟ್ಟಿ, ಮೂಲೆಯಲ್ಲಿ ಇಟ್ಟಿದ್ದರು. ಅದು ನೀವು ಕಟ್ಟುವ ಗಂಟು. ಅತ್ತೆಯವರು ಎಂದಾದರೂ ಗುಂಡಿ ಒತ್ತಿ ನೋಡಿದರೂ ನಿಮ್ಮ ಮಾತು ನಿಜವಾಗಿಯೇ ಇರಲೆಂದೇ?

ಅದನ್ನು ಅವರಿಗೆ ತೋರಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ತೋರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಗೊತ್ತು ಬುಡಿ. ಮಿಷನ್ ಕೆಟ್ಟಿದ್ರೆ ಆವಯ್ಯ ಸುಮ್ನೆ ಕೂರೋರಾ? ಮಾರ್ನೇ ದಿನಾನೇ ತುಮ್ಕೂರಿಗೆ ಹೊತ್ಕೊಂಡು ಹೋಗೋರು. ನಂಗೆ ಬೇಜಾರಾದೀತು ಅಂತ ಅವ್ರು ಸುಳ್ಳೇಳಿದ್ರು. ಅವ್ರಿಗೆ ಬೇಜಾರಾದೀತು ಅಂತ ನಾನು ನಂಬಿದಂಗಿದ್ದೆ.”

ಆಮೇಲಿನ ಭಾನುವಾರಗಳು ಹಿತ್ತಲ ಜಗಲಿಯಲ್ಲೇ ಕಳೆದವು. ಬ್ಯಾಟರಿಗೆ ಹಾಕುವ ಶುದ್ಧ ನೀರು, ಒಂದು ಹನಿ ಸೋಪು, ಮೆತ್ತನೆಯ ಕುಂಚ. ಎಣ್ಣೆ ರೆಕಾರ್ಡನ್ನು ತಿಂದಿರಲಿಲ್ಲ. ಧೂಳನ್ನು ಅಂಟಿನಂತೆ ಹಿಡಿದಿಟ್ಟಿತ್ತು, ಅಷ್ಟೆ. ಅಟ್ಟದ ಸೆಕೆಗೆ ಪಿಟೀಲಿನ ಪ್ಲೇಟು ಹಪ್ಪಳದಂತೆ ಡೊಂಕಾಗಿದೆ, ಕ್ಷಮಿಸಿ. ದೋಣಿಯ ಹೆಂಗಸು ಉಳಿದಿದ್ದಾಳೆ. ಆಕೆ ಅಟ್ಲಾಂಟಿಕ್ಕಿನ ಒಂದು ದ್ವೀಪದವಳಂತೆ. ಅವಳ ಊರಿನವರೂ ಮರೆತಿದ್ದ ಆ ಹಾಡುಗಳನ್ನು ಎಲ್ಲೆಲ್ಲಿಯವರೋ ಈಗ ಹುಡುಕುತ್ತಿದ್ದಾರಂತೆ.

ಹಳೆಯ ರಬ್ಬರು ಸಡಿಲಗೊಂಡಿದ್ದರಿಂದ ನಿನ್ನೆ ಸಂಜೆ ಹೊಸ ಬೆಲ್ಟು ಹಾಕಿದೆ. ಅತ್ತೆಯವರ ಬಲಗಿವಿಯ ಕಡೆಗೆ ಸ್ಪೀಕರ್ ತಿರುಗಿಸಿಟ್ಟೆ. ಹಾಡು ಬಂತು, ಮಾವ. ನಡುನಡುವೆ ಚಿಟಪಟ ಇದ್ದರೂ ದನಿ ತಿಳಿಯಾಗಿತ್ತು. ಅವರು ಸೆರಗನ್ನು ಬೆರಳಿಗೆ ಸುತ್ತುತ್ತಾ ಕೊನೆಯವರೆಗೂ ಕೇಳಿದರು. ಆಮೇಲೆ, “ಇದು ಅವ್ರುದ್ದಾಯ್ತು. ಮಗುಚಿ ಹಾಕಿ, ಆ ಕಡೇದು ಒಂದಿನಾನೂ ಹಾಕ್ತಿರ್ಲಿಲ್ಲ,” ಎಂದರು.

ಮಗುಚಿದೆ. ನೀವು ಎಂದೂ ಕೇಳದ ಆ ಬದಿಯಲ್ಲಿ ಅವಳು ಒಬ್ಬಳೇ ಹಾಡುವುದಿಲ್ಲ. ಬಹಳ ಹೊತ್ತಿನ ಮೇಲೆ, ಇನ್ನೇನು ಹಾಡು ಮುಗಿಯಿತು ಎನ್ನುವಾಗ, ಗಂಡಸಿನ ದನಿಯೊಂದು ಬಂದು ಸೇರುತ್ತದೆ. ಸ್ವಲ್ಪ ದಣಿದ, ಅಷ್ಟೇನೂ ಪಳಗದ ದನಿ. ಅತ್ತೆಯವರು ಮುಚ್ಚಿದ್ದ ಕಣ್ಣು ತೆರೆಯಲಿಲ್ಲ. ಬಾಗಿಲ ಕಡೆಗೆ ಮುಖ ತಿರುಗಿಸಿ ಮೆಲ್ಲಗೆ ಹೇಳಿದರು:

“ಈಗ ಬಂದ್ರು ನೋಡಿ, ಮಂಡಿ ಬಾಗ್ಲು ಹಾಕ್ಕೊಂಡು.”

ನಿಮ್ಮ ಅಳಿಯ