ಎದುರುಮನೆಯ ಹಾಲಿಸ್ ಮತ್ತು ನನ್ನ ವಿಮೆ

ಮಿಸಿಸಿಪ್ಪಿ, ಭಾನುವಾರ

ಪ್ರೀತಿಯ ಟ್ಯಾಮ್ರಾ,

ವಿಮೆಯಿಲ್ಲದವರು ಗುದ್ದಿದರೆ ನಮ್ಮ ಆಸ್ಪತ್ರೆ ಖರ್ಚು ಕೊಡುವ ಭಾಗವನ್ನು ಕಾರಿನ ವಿಮೆಯಿಂದ ತೆಗೆಸು, ಅದು ಸುಮ್ಮನೆ ದಂಡ ಎಂದು ನೀನು ಹೇಳಿದ್ದೆಯಲ್ಲ. ಗುರುವಾರ ಏಜೆಂಟರ ಕಚೇರಿಗೆ ಅದಕ್ಕೆಂದೇ ಹೊರಟೆ.

ಕಾರು ಅಂಗಳ ದಾಟುವಷ್ಟರಲ್ಲಿ ಎದುರುಮನೆಯ ಹಾಲಿಸ್ ತನ್ನ ಹಳೆಯ ಪಿಕಪ್ಪನ್ನು ರಿವರ್ಸ್ ತಂದವನೇ ನಮ್ಮ ಅಂಚೆ ಡಬ್ಬಿಯನ್ನು ಉರುಳಿಸಿದ. ನನ್ನ ಬಂಪರಿಗೆ ಇನ್ನು ಗೇಣು ದೂರವಿತ್ತಷ್ಟೆ.

ಇಳಿದು ಬಂದವನ ಮುಖ ಬಿಳಿಚಿತ್ತು. "ವರ್ಲೀನಕ್ಕ, ಪೊಲೀಸ್ನೋರನ್ನ ಮಾತ್ರ ಕರೀಬೇಡಿ. ಗಾಡಿಗೆ ವಿಮೆ ಇಲ್ಲ. ಜ್ಯೂಯೆಲ್‌ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಲೇಬೇಕಲ್ಲ!"

ಗಾಡಿಯೊಳಗೆ ಕುಳಿತಿದ್ದ ಅವನ ಹೆಂಡತಿ ಜ್ಯೂಯೆಲ್ ಕೂಗಿದಳು: "ಕಣ್ಣೂ ಇಲ್ಲ ಅಂತ ಹೇಳ್ರೀ, ಪೂರ್ತಿ ಹೇಳಿಬಿಡಿ!"

ಮೂವರೂ ನಕ್ಕೂ ನಕ್ಕೂ ಸುಸ್ತಾದೆವು.

ಆಮೇಲೆ ಕಚೇರಿಗೆ ಹೋಗಿ ಆ ಭಾಗವನ್ನು ಹಾಗೆಯೇ ಉಳಿಸಿಕೊಂಡೆ. ಬೈಯಬೇಡ. ನಿನ್ನಪ್ಪ ತೀರಿಕೊಂಡಾಗ ವಾರಗಟ್ಟಲೆ ಕರಿದ ಮೀನು, ಮೆಕ್ಕೆಜೋಳದ ರೊಟ್ಟಿ ತಂದು ನನ್ನ ಬಾಯಿಗೆ ತುರುಕಿದವರು ಇವರಿಬ್ಬರೇ. ನಾಳೆ ಹಾಲಿಸನೇ ನನಗೆ ಗುದ್ದಿದರೆ ಅವನ ಮೇಲೆ ಕೋರ್ಟಿಗೆ ಹೋಗಲು ನನ್ನಿಂದಾಗುತ್ತದೆಯೇ? ರಸ್ತೆಯಲ್ಲಿ ಇಂಥ ಹಾಲಿಸ್‌ಗಳು ಇನ್ನೆಷ್ಟು ಜನರಿದ್ದಾರೋ. ಕೈಕಾಲು ಮುರಿದರೂ ಯಾರ ಮೇಲೂ ಮುನಿಸಿಲ್ಲದೆ ಇರಬೇಕು ನಾನು.

ಅವನ ಗಾಡಿಗೆ ವಿಮೆಯಾಗುವವರೆಗೆ ಜ್ಯೂಯೆಲ್‌ಳನ್ನು ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ. ನಿನ್ನೆ ಮೊದಲ ಸಲ ಹೋದೆವು. ಪಕ್ಕದಲ್ಲಿ ಕುಳಿತ ಹಾಲಿಸ್ ದಾರಿಯುದ್ದಕ್ಕೂ ನನಗೆ ಡ್ರೈವಿಂಗ್ ಕಲಿಸಿದ!

ಮಕ್ಕಳಿಗೆ ಮುತ್ತು.

ನಿನ್ನ ಅಮ್ಮ,
ವರ್ಲೀನ್