ಅಶ್ವತ್ಥಕ್ಕನ ಹುಣಿಸೆ ಸೌದೆ

ಬೈರಕೂರು ಹೋಬಳಿ, ಮುಳಬಾಗಿಲು ತಾಲ್ಲೂಕು
೧೮ ಆಗಸ್ಟ್ ೧೯೮೨

ಪ್ರೀತಿಯ ಪ್ರಹ್ಲಾದ,

ಈ ವರ್ಷ ಸಂಕ್ರಾಂತಿ ಕಳೆದ ವಾರ ನಮ್ಮೂರ ಗುಂಡುತೋಪನ್ನು ಕಡಿದರು. ಕಡಿದವರು ಕೂಲಿಯವರು, ಕಡಿಸಿದವರು ನೀಲಗಿರಿ ನೆಡುವ ಯೋಜನೆಯವರು, ಕಾರಣ ಒದಗಿಸಿದ್ದು ಸೌದೆಯ ಮೇಲಿನ ನಿನ್ನ ವರದಿ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಬೇರೆ ರೀತಿ ಶುರುಮಾಡಲು ಹೋಗಿ ಎರಡು ಸಲ ಕಾಗದ ಹರಿದು ಹಾಕಿದ್ದೇನೆ. ಯುಗಾದಿಗೆ ನೀನು ಬರೆದ ಪತ್ರಕ್ಕೆ ಶ್ರಾವಣ ಮುಗಿಯುವಾಗ ಉತ್ತರ ಬರುತ್ತಿರುವುದು ಅದಕ್ಕೇ. ತಡವಾದದ್ದಕ್ಕೆ ಕ್ಷಮಿಸು, ಬರೆದದ್ದಕ್ಕೆ ಬೇಡ.

ನಾವೆಲ್ಲ ಇದ್ದೇವೆ. ನಮ್ಮಾಕೆ ವೆಂಕಟರತ್ನಮ್ಮನ ಬೆನ್ನುನೋವು ಹಾಗೇ ಇದೆ. ರೇಷ್ಮೆಹುಳು ಒಂದು ಬೆಳೆ ಕೈಕೊಟ್ಟಿತು, ಇನ್ನೊಂದು ಪರವಾಗಿಲ್ಲ. ಹೋದ ವಾರ ಮುಳಬಾಗಿಲಿಗೆ ಹೋದಾಗ ನಿನ್ನ ತಾಯಿಯನ್ನು ಕಂಡೆ. ತಿರುಮಲಮ್ಮನವರು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು, "ಏನೋ ಕೋದಂಡ, ನಮ್ಮ ಪ್ರಹ್ಲಾದನ ಮೇಲೆ ಕೋಪವಂತೆ?" ಎಂದು ಕೇಳಿದರು. "ಯಾರು ಹೇಳಿದ್ದು ತಾಯಿ, ಹಾಗೇನಿಲ್ಲ" ಎಂದೆ. ಆ ವಯಸ್ಸಿನವರ ಮುಂದೆ ಇನ್ನೇನು ಹೇಳಲಿ? ನಮ್ಮ ಅಶ್ವತ್ಥಕ್ಕನ ವಿಷಯ ಕೊನೆಗೆ ಬರೆಯುತ್ತೇನೆ.

ನಿನ್ನ ಪತ್ರವನ್ನು ಹಲವು ಸಲ ಓದಿದೆ. ಸುಟ್ಟ ಮರದಿಂದ ಗಾಳಿಗೆ ಹೋದ ಇಂಗಾಲವನ್ನು ಬೆಳೆಯುವ ಮರ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬೇಗ ಬೆಳೆಯುವ ನೀಲಗಿರಿ ಬೇಗ ಎಳೆದುಕೊಳ್ಳುತ್ತದೆ, ಆದ್ದರಿಂದ ಒಟ್ಟಿನಲ್ಲಿ ನಷ್ಟವಿಲ್ಲ ಎಂದು ಬರೆದಿದ್ದೀಯ. ನಾನು ಇಂಟರ್‌ಮೀಡಿಯೆಟ್ ಫೇಲಾದವನು. ಆದರೆ ಓದುವುದನ್ನು ಬಿಟ್ಟವನಲ್ಲ, ಕೋಲಾರದ ಗ್ರಂಥಾಲಯದವರಿಗೆ ಕೇಳಿದರೆ ಹೇಳುತ್ತಾರೆ. ನನ್ನ ಪ್ರಶ್ನೆ ಸಣ್ಣದು. ನಮ್ಮ ತಾತನ ಕಾಲದ ಹೊಂಗೆ, ಹಿಪ್ಪೆ, ನೇರಳೆ ಒಂದೆರಡು ವಾರದಲ್ಲಿ ಹೊಗೆಯಾದವು. ಅಷ್ಟು ಇಂಗಾಲವನ್ನು ನಿನ್ನ ನೀಲಗಿರಿ ಎಳೆದುಕೊಳ್ಳುವಷ್ಟರಲ್ಲಿ ಅದನ್ನೂ ಕಡಿದು ಸುಡುತ್ತಾರಲ್ಲ? ಬೇರು ಕಿತ್ತು ಉತ್ತ ನೆಲದಿಂದ ಏನು ಹೋಯಿತು, ಅದನ್ನು ಲೆಕ್ಕದ ಯಾವ ಕಡೆಗೆ ಬರೆದುಕೊಂಡೆ? ತೋಪನ್ನು ವರದಿಯಲ್ಲಿ "ಕ್ಷೀಣಿಸಿದ ಪಾಳುಭೂಮಿ" ಎಂದು ಕರೆದಿದ್ದೀಯ. ಆ ಪಾಳುಭೂಮಿಯ ನೆರಳಲ್ಲಿ ಕೂತು ನೀನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿದೆ.

ನಿನಗೆ ಗೊತ್ತಿರದ ಒಂದು ಸಂಗತಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳನ್ನು ಇದ್ದಿಲಿನ ಗ್ಯಾಸಿನಿಂದ ಓಡಿಸುತ್ತಿದ್ದರಲ್ಲ, ಆಗ ಒಬ್ಬ ಕಂಟ್ರಾಕ್ಟರು ಇದ್ದಿಲು ಸುಡಲು ನಮ್ಮ ತೋಪು ಕೇಳಿಕೊಂಡು ಬಂದಿದ್ದ. ನನಗೆ ಒಂಬತ್ತು ವರ್ಷ. ನಮ್ಮಪ್ಪ ಚನ್ನರಾಯಪ್ಪ ಎಲೆಅಡಿಕೆ ಮಡಿಸುತ್ತಾ, "ಬಸ್ಸು ಓಡದಿದ್ರೆ ಹೇಳಪ್ಪಾ, ಎರಡು ಜೊತೆ ಎತ್ತು ಕಳಿಸ್ತೀನಿ, ಕಟ್ಕೊಂಡು ಹೋಗು" ಎಂದರು. ಊರು ನಕ್ಕಿತು, ಕಂಟ್ರಾಕ್ಟರು ಹೋದ. ಯುದ್ಧವೇ ಕೇಳಿದರೂ ಕೊಡದ ತೋಪು ಅದು.

ಈಗ ಸೌದೆ ತೂಗಿದ ಕಥೆಗೆ ಬರುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಗೊತ್ತಿಲ್ಲದವನ ಹಾಗೆ ನೀನು ನಡೆದುಕೊಳ್ಳುತ್ತಿದ್ದೀಯ.

ಎಂಬತ್ತನೇ ಇಸವಿಯ ಮಾಘದಲ್ಲಿ ನೀನು ಜೀಪಿನಲ್ಲಿ ಬಂದೆ. ಅಕ್ಕ ಬಾಗಿಲಲ್ಲೇ ನಿನ್ನ ಕೆನ್ನೆ ಹಿಡಿದು, "ಏನ್ಲಾ ಪ್ರಲ್ಲಾದ, ಬೆಂಗಳೂರಲ್ಲಿ ನಿಂಗೆ ಯಾರೂ ಅನ್ನ ಇಕ್ಕಲ್ವಾ?" ಎಂದಳು. ಹೈಸ್ಕೂಲಿನ ದಿನಗಳಲ್ಲಿ ನಿಮ್ಮ ಮನೆಯವರಿಗೆ ತಿಳಿಯದಂತೆ ಅವಳ ಕೈಯ ಮುದ್ದೆ ತಿಂದವನು, ಅಂದು ನಿನ್ನ ಸಹಾಯಕರ ಎದುರೇ ತಿಂದೆ. ಅವಳಿಗೆ ಅದು ದೊಡ್ಡ ಹಬ್ಬ. ಮನೆಮನೆಯ ಸೌದೆ ತೂಗುತ್ತೇವೆ ಎಂದೆ ನೀನು. ಇವತ್ತು ತೂಗಿ, ಮಾರನೆಯ ದಿನ ಉಳಿದದ್ದನ್ನು ತೂಗಿದರೆ ಕಡಿಮೆಯಾದಷ್ಟು ಉರಿದ ಲೆಕ್ಕ. ಹಾಗೆ ಹೇಳಿ ನೀನು ಹೊರಟೆ, ಸಹಾಯಕರು ಉಳಿದರು.

ಈ ಸೀಮೆಯಲ್ಲಿ ಹೆಣ್ಣು ಕೊಡುವವರೂ ತರುವವರೂ ಮೊದಲು ನೋಡುವುದು ಹಿತ್ತಲ ಸೌದೆ ಒಟ್ಟನ್ನು. ಒಳ್ಳೆ ಸೌದೆ ಒಟ್ಟಿದ್ದರೆ ಅದು ಉಣ್ಣುವ ಮನೆ. ನಿಜವಾಗಿ ನಮ್ಮ ಹೆಂಗಸರು ಒಲೆಗೆ ಇಡುವುದು ತೊಗರಿಕಡ್ಡಿ, ಬೆರಣಿ, ಹಿಪ್ಪುನೇರಳೆ ಕಡ್ಡಿ, ತೋಪಿನಲ್ಲಿ ಉದುರಿದ ಒಣ ಪುಳ್ಳೆ. ಊರಿನಲ್ಲಿ ಮರದ ಸೌದೆ ಒಟ್ಟಿದ್ದದ್ದು ಅಕ್ಕ ಒಬ್ಬಳ ಹಿತ್ತಲಲ್ಲಿ. ಗಾಳಿಗೆ ಬಿದ್ದ ನಮ್ಮ ಹೊಲದ ಹುಣಿಸೆಮರವನ್ನು ಸೀಳಿಸಿ, ಮದುವೆ ಮುಂಜಿಗೆ ಬೇಕೆಂದು ಜೋಡಿಸಿಟ್ಟಿದ್ದಳು.

ಮೊದಲು ಬಂದವಳು ಪಕ್ಕದ ಮನೆ ಬೈರಮ್ಮ. "ಅಕ್ಕಯ್ಯೋ, ನಮ್ ಹಿತ್ಲಲ್ಲಿ ಇರೋದೆಲ್ಲಾ ಬೆರಣಿ. ಆ ಸಾಮಿಗಳು ಅದನ್ನ ತಕ್ಡೀಲಿ ಇಕ್ಕಿ ತೂಗಿದ್ರೆ ನನ್ ಮಾನ ಏನಾಗ್ಬೇಕು? ಮಗಳ್ನ ನೋಡಕ್ಕೆ ವಕ್ಕಲೇರಿಯಿಂದ ಬೇರೆ ಬರ್ತವ್ರೆ."

"ಅದಕ್ಕ್ಯಾಕೆ ಅಳ್ತೀಯೇ, ತಗೊಂಡೋಗು. ತೂಗಿಸ್ಕೊಂಡು ವಾಪಸ್ ತಂದಾಕು" ಎಂದಳು ಅಕ್ಕ.

ವಾಪಸು ಬರುವ ಮೊದಲೇ ಅದರಾಚೆ ಮನೆಯವಳು ಕೇಳಿದಳು. ಒಂದೇ ಹುಣಿಸೆ ಸೌದೆ ಹಿತ್ತಲಿಂದ ಹಿತ್ತಲಿಗೆ ಊರೆಲ್ಲ ಸುತ್ತಿತು. ಎಲ್ಲ ಮನೆಯಲ್ಲೂ ಮೊದಲ ದಿನ ತುಂಬಿದ ಒಟ್ಟು, ಮಾರನೆಯ ದಿನ ಬರೀ ನೆಲ. ನಿನ್ನ ಸಹಾಯಕ ಬೈರಮ್ಮನನ್ನು ಕೇಳಿದನಂತೆ, "ನೆನ್ನೆ ಅಷ್ಟೊಂದಿತ್ತಲ್ಲಮ್ಮ, ಎಲ್ಲಿ ಹೋಯ್ತು?"

"ಉರಿಸ್ಬುಟ್ವಿ ಸಾಮಿ. ನಮ್ದು ಬರೋಹೋಗೋರ ಮನೆ, ಒಲೆ ಆರೋದೇ ಇಲ್ಲ!"

ಗೋಡೆಯ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ಹೆಂಗಸರು ನಕ್ಕರು. ನಾನೂ ಕೇಳಿ ನಕ್ಕೆ. ಬೆರಣಿ ತಟ್ಟುವ ಹೆಂಗಸರ ಮಾನ ಉಳಿಯಿತು ಎಂದುಕೊಂಡೆವು.

ಮಾರನೆಯ ವರ್ಷ ನಿನ್ನ ವರದಿಯ ಕನ್ನಡ ಸಾರಾಂಶ ಪಂಚಾಯಿತಿಗೆ ಬಂತು. ಈ ಊರಿನ ಒಲೆಗಳು ತೋಪು ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸುಡುತ್ತಿವೆ, ತೋಪು ಹೇಗೂ ಉಳಿಯುವುದಿಲ್ಲ, ಆದ್ದರಿಂದ ತೆರವು ಮಾಡಿ ಬೇಲಿ ಹಾಕಿ ಇಂಧನಕ್ಕಾಗಿ ನೀಲಗಿರಿ ನೆಡುವುದು ಸೂಕ್ತ ಎಂದಿತ್ತು. ಓದಿದ ದಿನವೇ ಬೆಂಗಳೂರು ಬಸ್ಸು ಹತ್ತಿದೆ. ನಿನ್ನ ಕೋಣೆಯಲ್ಲಿ ಕೂತು ಎಲ್ಲ ಹೇಳಿದೆ. ನೀನು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. "ಅಶ್ವತ್ಥಕ್ಕ ನಮ್ಮ ಇಡೀ ಸಂಸ್ಥೆಗೇ ಟೋಪಿ ಹಾಕಿದ್ಲು ಕಣೋ!" ಎಂದೆ. ಆಮೇಲೆ ಕನ್ನಡಕ ಒರೆಸಿಕೊಂಡು, "ಅಂಕಿ ಮೇಲಕ್ಕೆ ಹೋಗ್ಬಿಟ್ಟಿದೆ, ಕೆಳಗೆ ಇಳಿಸೋದು ಸ್ವಲ್ಪ ಕಷ್ಟ. ತಿದ್ದಿಸ್ತೀನಿ, ನೀನು ಧೈರ್ಯವಾಗಿ ಹೋಗು" ಎಂದೆ. ಧೈರ್ಯವಾಗಿಯೇ ಬಂದೆ. ಪ್ರಹ್ಲಾದ ನೋಡಿಕೊಳ್ಳುತ್ತಾನೆ ಎಂದು ಊರಿಗೆಲ್ಲ ಹೇಳಿದೆ.

ನೀನು ತಿದ್ದಲಿಲ್ಲ. ಜನವರಿಯಲ್ಲಿ ಗರಗಸ ಬಂತು. ಹೆಂಗಸರು ಹಿಪ್ಪೆಮರದ ಬುಡದಲ್ಲಿ ಕೂತರು. ಯೋಜನೆಯ ಅಧಿಕಾರಿ ಕೂಗಾಡಲಿಲ್ಲ, ಸಮಾಧಾನವಾಗಿಯೇ ಹೇಳಿದ. "ದಿನಾ ಇಷ್ಟಿಷ್ಟು ಸುಟ್ರೆ ಯಾವ ತೋಪು ಉಳಿಯುತ್ತೆ, ಹೇಳ್ರಮ್ಮ? ಮನೆಮನೆ ಲೆಕ್ಕ ನಮ್ಮತ್ರ ಇದೆ. ಇದನ್ನ ತಿಂದೋರು ನೀವೇ. ನಾವು ನಿಮಗೇ ಬೆಳೆಸಿಕೊಡ್ತಿದ್ದೀವಿ." ಬೈರಮ್ಮ ಮಣ್ಣು ಎತ್ತಿ ತೂರಿ ಶಾಪ ಹಾಕಿದಳು. ಅಕ್ಕ ಎದ್ದು ಮನೆಗೆ ಹೋದಳು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡೆ.

ನಾವು ಸುಡುತ್ತೇವೆಂದು ಕಡಿದ ಮರಗಳು ಲಾರಿಯಲ್ಲಿ ಮಾಲೂರು ಕಡೆಯ ಇಟ್ಟಿಗೆ ಗೂಡುಗಳಿಗೆ ಹೋಗಿ ಉರಿದವು. ಈಗ ಅಲ್ಲಿ ಮೊಣಕಾಲೆತ್ತರದ ನೀಲಗಿರಿ ಗಿಡ, ಸುತ್ತ ಮುಳ್ಳುತಂತಿ. ನಮ್ಮೂರ ಮುನಿಶಾಮಿಯನ್ನೇ ಕಾವಲಿಗೆ ಇಟ್ಟಿದ್ದಾರೆ. ಅವನು ದೊಣ್ಣೆ ತಿರುಗಿಸುತ್ತಾ ಬಂದರೆ ಬೈರಮ್ಮ, "ಏನ್ಲಾ, ನಿನ್ ಹೆಂಡ್ರು ಏನಿಟ್ಟು ಒಲೆ ಹಚ್ತಾಳೆ? ನಿನ್ ಖಾಕಿ ಟೋಪೀನಾ?" ಎನ್ನುತ್ತಾಳೆ. ಅವನು ತಲೆ ತಗ್ಗಿಸಿ ಹೋಗುತ್ತಾನೆ. ಊರಿನಲ್ಲಿ ಉಳಿದಿರುವ ನಗು ಇಷ್ಟೇ.

ಮೊನ್ನೆ ಪತ್ರಿಕೆಯಲ್ಲಿ ನೋಡಿದೆ. ಮುಂದಿನ ತಿಂಗಳು ಕೋಲಾರದಲ್ಲಿ ಸಭೆಯಂತೆ. ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ತೋಪುಗಳಿಗೂ ಯೋಜನೆ ವಿಸ್ತರಿಸುವುದಂತೆ. ಮುಖ್ಯ ಭಾಷಣ ನಿನ್ನದು, ಆಧಾರ ನಮ್ಮೂರ ಸೌದೆಯ ಅದೇ ಅಂಕಿ. ಆ ಪತ್ರಿಕೆಗೆ ನಾನು ಬರೆದ ಓದುಗರ ಪತ್ರ ಅಚ್ಚಾಗಲಿಲ್ಲ. ನಮ್ಮ ತೋಪು ವಾಪಸು ಬರುವುದಿಲ್ಲ, ನನಗೆ ಗೊತ್ತು. ಮಾಲೂರು ತಾಲ್ಲೂಕಿನ ಲಕ್ಕೂರಿನ ಆಚೆಯ ತೋಪೂ ಹೋಗುತ್ತದೆ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೂ ಕೇಳುತ್ತೇನೆ, ಆ ಅಂಕಿ ತಪ್ಪು ಎಂದು ಅಲ್ಲಿ ಹೇಳು. ನೀನು ಸುಳ್ಳನಲ್ಲ. ತಿದ್ದಿದರೆ ನಗುತ್ತಾರೆ ಎಂಬ ಅಂಜಿಕೆ ನಿನಗೆ. ಬೈರಮ್ಮನಿಗೂ ಇದ್ದದ್ದು ಅದೇ ಅಂಜಿಕೆ. ಅವಳು ಅದಕ್ಕೆ ಕೊಟ್ಟ ಬೆಲೆ ನಿನ್ನ ಕಣ್ಣ ಮುಂದಿದೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿನಗೆ ಆರೋಗ್ಯ ಕೊಡಲಿ, ಬಾಯಿ ತೆರೆಯುವ ಶಕ್ತಿಯನ್ನೂ ಕೊಡಲಿ.

ನಿನ್ನ
ಕೋದಂಡರಾಮಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಅಕ್ಕನ ವಿಷಯ. ಅವಳು ಪಕ್ಕದ ಕೋಣೆಯಲ್ಲಿ ಬೇರೆ ಒಲೆ ಇಟ್ಟುಕೊಂಡಿರುವುದು ನಿನಗೆ ಗೊತ್ತು. ಜನವರಿಯಿಂದ ಒಂದು ದಿನ ವ್ರತ, ಒಂದು ದಿನ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ನಾವು ಕಳಿಸಿದ ತಟ್ಟೆ ಪಕ್ಕದ ಮನೆಗೆ ಹೋಗುತ್ತಿತ್ತು. ಗೌರಿಹಬ್ಬ ಹತ್ತಿರ ಬಂತೆಂದು ಹೋದ ಶನಿವಾರ ವೆಂಕಟರತ್ನಮ್ಮ ಅವಳ ಒಲೆ ಸಾರಿಸಲು ಹೋದರೆ, ಒಲೆಯೊಳಗೆ ಬೆಕ್ಕು ಮರಿ ಹಾಕಿತ್ತು. ಏಳು ತಿಂಗಳಿಂದ ಅವಳು ಬೆಂಕಿ ಹಚ್ಚಿಲ್ಲ ಪ್ರಹ್ಲಾದ. ನೆನೆಸಿದ ಅವಲಕ್ಕಿ, ನೀರಿಗೆ ಕದಡಿದ ಹಿಟ್ಟು, ಅಷ್ಟೇ. ಕೈ ಹಿಡಿದರೆ ಬರೀ ಬಳೆ ಸಿಗುತ್ತದೆ. ಯಾಕಕ್ಕಾ ಎಂದರೆ, "ಸೌದೆ ಕೊಟ್ಟೋಳು ನಾನೇ ಅಲ್ವೇನೋ. ತೋಪೆಲ್ಲಾ ಸುಟ್ಟಿದ್ದಾಯ್ತು, ಇನ್ನೆಷ್ಟು ಸುಡ್ಲಿ?" ಎಂದಳು. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. "ನಿಂಗೇನ್ಲಾ ಗೊತ್ತು, ಪ್ರಲ್ಲಾದ ಓದಿದೋನು. ಅವನು ಹೇಳ್ಲಿ" ಎನ್ನುತ್ತಾಳೆ.

ಆ ಹುಣಿಸೆ ಸೌದೆ ಒಂದು ತುಂಡೂ ಕಡಿಮೆಯಾಗದೆ ಅವಳ ಹಿತ್ತಲಲ್ಲೇ ಬಿದ್ದಿದೆ. ಸಭೆಯ ದಿನ ಅದನ್ನು ಗಾಡಿಗೆ ಹೇರಿ, ಅವಳನ್ನೂ ಕೂರಿಸಿಕೊಂಡು ಕೋಲಾರಕ್ಕೆ ಬರುತ್ತೇನೆ. ಸಭಾಂಗಣದ ಬಾಗಿಲಲ್ಲಿ ಇಳಿಸುತ್ತೇನೆ. ನಿನ್ನ ವರದಿಯಲ್ಲಿ ಮನೆಮನೆಯಲ್ಲೂ ಸುಟ್ಟುಹೋದ ಸೌದೆ ಇದೇ. ನನಗೆ ಪತ್ರ ಬರೆದು ಸಮಾಧಾನ ಹೇಳಬೇಡ. ತೋಪನ್ನು ಸುಟ್ಟವರು ಯಾರು ಎಂಬುದನ್ನು ಮೈಕಿನ ಮುಂದೆ, ಎಲ್ಲರೂ ಕೇಳುವ ಹಾಗೆ, ಅಕ್ಕನ ಮುಖ ನೋಡಿ ಹೇಳು.